ಜಿಪಿಎ ಚೆನ್ನಾಗಿದ್ದರೂ ಏಡ್ ನಿಲ್ಲಬಹುದು: ಅಮೆರಿಕದ ಕಾಲೇಜಿನ 'ಸ್ಯಾಪ್' ಲೆಕ್ಕ ನೀವೇ ಹಾಕಿಕೊಳ್ಳಿ

ಫಾಫ್ಸಾ ಅರ್ಜಿ ತುಂಬಿದರೆ ಕಾಲೇಜು ಓದಿಗೆ ಸರ್ಕಾರದ ಹಣ, ಅಂದರೆ 'ಏಡ್', ಸಿಗುತ್ತದೆ, ಅದನ್ನು ಪ್ರತಿ ವರ್ಷ ಮತ್ತೆ ತುಂಬಬೇಕು. ಅಮೆರಿಕದಲ್ಲಿರುವ ನಮ್ಮ ಮನೆಗಳಿಗೆ ಇಷ್ಟು ಗೊತ್ತಿರುತ್ತದೆ. ಆದರೆ ಆ ಹಣ ಮುಂದಿನ ವರ್ಷವೂ ಬರಬೇಕಾದರೆ ಓದು ಒಂದು ಮಟ್ಟದಲ್ಲಿ, ಒಂದು ವೇಗದಲ್ಲಿ ಸಾಗುತ್ತಿರಬೇಕು. ಕಾಲೇಜುಗಳು ಇದನ್ನು ಸ್ಯಾಟಿಸ್ಫ್ಯಾಕ್ಟರಿ ಅಕಡೆಮಿಕ್ ಪ್ರೋಗ್ರೆಸ್ ಎನ್ನುತ್ತವೆ. ಬಾಯಿಮಾತಿನಲ್ಲಿ 'ಸ್ಯಾಪ್'. ಬಹಳ ಜನ ಈ ಹೆಸರನ್ನು ಮೊದಲ ಸಲ ಕೇಳುವುದು ಹಣ ನಿಂತಿದೆ ಅನ್ನೋ ಮೇಲ್ ಬಂದ ದಿನವೇ.

ಹಾಗೆ ಸಿಕ್ಕಿಬೀಳುವವರೆಲ್ಲ ಕಡಿಮೆ ಮಾರ್ಕ್ಸಿನವರು ಅಂದುಕೊಳ್ಳಬೇಡಿ. 4ಕ್ಕೆ 3.5 ಜಿಪಿಎ (ಗ್ರೇಡುಗಳ ಸರಾಸರಿ) ಇಟ್ಟುಕೊಂಡೂ ಏಡ್ ಕಳೆದುಕೊಳ್ಳಬಹುದು. ಹೇಗೆ ಅಂತ ಮುಂದೆ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಈ ನಿಯಮ ಇರುವುದು ಫೆಡರಲ್ (ಕೇಂದ್ರ ಸರ್ಕಾರದ) ಹಣಕ್ಕೆ. ಅಂದರೆ ಪೆಲ್ ಗ್ರಾಂಟ್ (ಕಡಿಮೆ ಆದಾಯದ ಮನೆಗಳಿಗೆ ಸಿಗುವ, ವಾಪಸ್ ಕೊಡಬೇಕಿಲ್ಲದ ಹಣ), ವರ್ಕ್‌-ಸ್ಟಡಿ (ಓದುತ್ತಾ ಮಾಡುವ ಕೆಲಸದ ಸಂಬಳ), ಸರ್ಕಾರಿ ಸ್ಟೂಡೆಂಟ್ ಲೋನ್, ಅಪ್ಪ-ಅಮ್ಮ ತೆಗೆಯುವ ಪೇರೆಂಟ್ ಪ್ಲಸ್ ಲೋನ್. "ನಮ್ಮ ಸಂಬಳಕ್ಕೆ ಪೆಲ್ ಗ್ರಾಂಟ್ ಎಲ್ಲಿ ಬರುತ್ತೆ, ನಮಗ್ಯಾಕೆ ಇದು" ಅನ್ನುವವರೂ ಸರ್ಕಾರಿ ಲೋನ್ ತೆಗೆದಿದ್ದರೆ ಇದರೊಳಗೇ ಇದ್ದಾರೆ. ಸಿಟಿಜನ್ ಮತ್ತು ಗ್ರೀನ್ ಕಾರ್ಡ್ ಇರುವ ಮಕ್ಕಳಿಗೆ ಈ ಹಣ ಸಿಗುತ್ತದೆ. ಎಚ್‌-4, ಎಫ್‌-1 ವೀಸಾದವರಿಗೆ (ಎಚ್ ವೀಸಾದಲ್ಲಿ ಕೆಲಸ ಮಾಡುವವರ ಮಕ್ಕಳು, ವಿದ್ಯಾರ್ಥಿ ವೀಸಾದಲ್ಲಿ ಬಂದವರು) ಇಲ್ಲ. ಅವರ ವಿಷಯ ಆಮೇಲೆ ಬರುತ್ತದೆ.

1. ನಿಮ್ಮ ಕಾಲೇಜಿನ ಪಾಲಿಸಿ ಹುಡುಕಿ

ಚೌಕಟ್ಟು ಹಾಕಿದ್ದು ಕೇಂದ್ರ ಸರ್ಕಾರ. ಈಗಿರುವ ನಿಯಮಗಳು 2011ರ ಜುಲೈನಿಂದ ಜಾರಿಯಲ್ಲಿವೆ. ಆದರೆ ಆ ಚೌಕಟ್ಟಿನೊಳಗೆ ಅಂಕಿ ತುಂಬುವುದು ಪ್ರತಿ ಕಾಲೇಜು. ಹಾಗಾಗಿ ಪಕ್ಕದ ಮನೆಯ ಹುಡುಗ ಓದುವ ಯೂನಿವರ್ಸಿಟಿಯ ನಿಯಮ ನಿಮ್ಮ ಮಗಳ ಕಾಲೇಜಿಗೆ ಹೊಂದಬೇಕಾಗಿಲ್ಲ. ಕಾಲೇಜಿನ ಹೆಸರಿನ ಜೊತೆ 'ಸ್ಯಾಪ್ ಪಾಲಿಸಿ' ಅಂತ ಹುಡುಕಿದರೆ ಫೈನಾನ್ಶಿಯಲ್ ಏಡ್ ಆಫೀಸಿನ ಪುಟ ಸಿಗುತ್ತದೆ. ಅದರಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ಎಷ್ಟು ಜಿಪಿಎ ಬೇಕು, ಎಷ್ಟು ಶೇಕಡಾ ಕ್ರೆಡಿಟ್ (ಪ್ರತಿ ಕೋರ್ಸಿಗೂ ಇಟ್ಟಿರುವ ತೂಕ) ಪಾಸಾಗಬೇಕು, ಪ್ರತಿ ಸೆಮಿಸ್ಟರ್ ನೋಡುತ್ತಾರಾ ಅಥವಾ ವರ್ಷಕ್ಕೊಮ್ಮೆಯಾ, ಅಪೀಲ್‌ಗೆ ಕೊನೆಯ ದಿನ ಯಾವುದು.

ಮೂರನೆಯದನ್ನು ಜನ ಓದುವುದೇ ಇಲ್ಲ. ಆದರೆ ಅದು ದೊಡ್ಡ ವಿಷಯ. ಪ್ರತಿ ಸೆಮಿಸ್ಟರ್ ನೋಡುವ ಕಾಲೇಜು ಮೊದಲ ಸಲ ಎಡವಿದವರಿಗೆ ವಾರ್ನಿಂಗ್ ಕೊಡಬಹುದು. ಆ ಒಂದು ಸೆಮಿಸ್ಟರ್ ಹಣ ಬರುತ್ತಲೇ ಇರುತ್ತದೆ, ಅರ್ಜಿಗಿರ್ಜಿ ಏನೂ ಬೇಡ. ವರ್ಷಕ್ಕೊಮ್ಮೆ ಮಾತ್ರ ನೋಡುವ ಕಾಲೇಜಿನಲ್ಲಿ ಈ ವಾರ್ನಿಂಗ್ ಇರುವುದಿಲ್ಲ. ಸಾಮಾನ್ಯವಾಗಿ ಮೇ ತಿಂಗಳಲ್ಲಿ ಗ್ರೇಡ್ ಬಂದ ಮೇಲೆ ಲೆಕ್ಕ ಹಾಕುತ್ತಾರೆ. ಕಡಿಮೆ ಬಿತ್ತಾ, ನೇರವಾಗಿ ಹಣ ಬಂದ್.

ಇನ್ನೊಂದು ಮಾತು. ಡೀನ್ ಆಫೀಸು ಕೊಡುವ ಅಕಡೆಮಿಕ್ ಪ್ರೊಬೇಷನ್ ಬೇರೆ, ಏಡ್ ಆಫೀಸಿನ ಸ್ಯಾಪ್ ಬೇರೆ. ಕಾಲೇಜಿನ ದಾಖಲೆಯಲ್ಲಿ ನೀವು 'ಗುಡ್ ಸ್ಟ್ಯಾಂಡಿಂಗ್' ಇರಬಹುದು, ಏಡ್ ಮಾತ್ರ ನಿಂತಿರಬಹುದು.

2. ಮೂರು ಲೆಕ್ಕ ಹಾಕಿ

ಮೊದಲನೆಯದು ಜಿಪಿಎ. ಡಿಗ್ರಿ ಕೋರ್ಸಿನಲ್ಲಿ ಎರಡನೇ ವರ್ಷದ ಕೊನೆಗೆ 'ಸಿ' ಸರಾಸರಿ, ಅಂದರೆ 2.0, ಇರಬೇಕು ಅಥವಾ ಪದವಿಗೆ ಕಾಲೇಜು ಕೇಳುವ ಮಟ್ಟಕ್ಕೆ ತಕ್ಕ ಹಾಗಿರಬೇಕು. ಇದು ಕೇಂದ್ರದ ನಿಯಮ. ಬಹಳ ಕಾಲೇಜುಗಳು ಮೊದಲ ವರ್ಷದಿಂದಲೇ 2.0 ಕೇಳುತ್ತವೆ. ಮಾಸ್ಟರ್ಸ್‌ಗೆ 3.0 ಕೇಳುವುದು ಸಾಮಾನ್ಯ. ಇದನ್ನು ಎಲ್ಲರೂ ಗಮನಿಸುತ್ತಾರೆ, ಜಾಸ್ತಿ ಹೇಳುವುದು ಬೇಡ.

ಜನ ಬೀಳುವ ಗುಂಡಿ ಎರಡನೆಯದೇ. ಇದಕ್ಕೆ 'ಪೇಸ್' ಅನ್ನುತ್ತಾರೆ. ಕಾಲೇಜಿಗೆ ಸೇರಿದಾಗಿನಿಂದ ಇಲ್ಲಿಯವರೆಗೆ ಎಷ್ಟು ಕ್ರೆಡಿಟ್‌ಗೆ ಹೆಸರು ಕೊಟ್ಟಿರಿ, ಅದರಲ್ಲಿ ಎಷ್ಟು ಪಾಸಾದಿರಿ? ಪಾಸಾದದ್ದನ್ನು ಹೆಸರು ಕೊಟ್ಟದ್ದರಿಂದ ಭಾಗಿಸಿ. ಹೆಚ್ಚಿನ ಕಾಲೇಜುಗಳಲ್ಲಿ ಅದು ಶೇಕಡಾ 67 ಇರಬೇಕು.

ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಫಾಲ್ ಸೆಮಿಸ್ಟರಿನಲ್ಲಿ 15 ಕ್ರೆಡಿಟ್ ತೆಗೆದುಕೊಂಡಳು. ಕೆಮಿಸ್ಟ್ರಿ ಕಷ್ಟವಾಯಿತು, ಅಕ್ಟೋಬರಿನಲ್ಲಿ ಆ 4 ಕ್ರೆಡಿಟ್ ಕೈಬಿಟ್ಟಳು. ಉಳಿದ 11 ಪಾಸು. ಸ್ಪ್ರಿಂಗ್‌ನಲ್ಲಿ ಮತ್ತೆ 15. ಕ್ಯಾಲ್ಕುಲಸ್ 4, ಹಿಸ್ಟರಿ 3 ಕೈಬಿಟ್ಟಳು. 8 ಪಾಸು. ಬರೆದ ಎಲ್ಲ ಕೋರ್ಸಿನಲ್ಲೂ ಎ ಮತ್ತು ಬಿ. ಜಿಪಿಎ 3.5. ಮನೆಯಲ್ಲಿ ಎಲ್ಲರಿಗೂ ಖುಷಿ.

ಈಗ ಭಾಗಿಸಿ ನೋಡಿ. ಹೆಸರು ಕೊಟ್ಟದ್ದು 30, ಪಾಸಾದದ್ದು 19. ಶೇಕಡಾ 63. ಏಡ್ ಆಫೀಸಿನ ಕಣ್ಣಿನಲ್ಲಿ ಅವಳು ಫೇಲ್.

ಕಾರಣ ಏನು ಅಂದರೆ, ಅರ್ಧಕ್ಕೆ ಕೈಬಿಟ್ಟ ಕೋರ್ಸಿಗೆ ಬೀಳುವ 'ಡಬ್ಲ್ಯು' ಜಿಪಿಎಯನ್ನು ಮುಟ್ಟುವುದಿಲ್ಲ, ಪೇಸ್ ಲೆಕ್ಕದಲ್ಲಿ ಮಾತ್ರ ಎಫ್‌ಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಎರಡೂ ಹೆಸರು ಕೊಟ್ಟು ಪಾಸಾಗದ ಕ್ರೆಡಿಟ್. ಮುಗಿಸದೆ ಉಳಿದ 'ಇನ್‌ಕಂಪ್ಲೀಟ್' ಕೂಡ ಗ್ರೇಡ್ ಬರುವವರೆಗೆ ಸಾಮಾನ್ಯವಾಗಿ ಹಾಗೇ. ಕರ್ನಾಟಕದಲ್ಲಿ ಇಂಜಿನಿಯರಿಂಗ್ ಓದಿದ ಅಪ್ಪ-ಅಮ್ಮನಿಗೆ ಇದು ತಲೆಗೆ ಹತ್ತುವುದು ಕಷ್ಟ. ಅಲ್ಲಿ ಬ್ಯಾಕ್ ಉಳಿದರೆ ಮುಂದಿನ ಸಲ ಬರೆದು ಕ್ಲಿಯರ್ ಮಾಡಿದರೆ ಮುಗೀತು, ಹಳೆಯದನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಮತ್ತೆ ಬರೆದು ಪಾಸಾದರೂ ಹಳೆಯ ಪ್ರಯತ್ನ ಕೆಳಗಿನ ಅಂಕಿಯಲ್ಲಿ ಕೂತೇ ಇರುತ್ತದೆ.

ಏಡ್ ತೆಗೆದುಕೊಳ್ಳದೆ ಕೈಯಿಂದ ಕಟ್ಟಿ ಓದಿದ ಸೆಮಿಸ್ಟರೂ ಲೆಕ್ಕಕ್ಕೆ ಬರುತ್ತದೆ. ಕೆಲವು ಕಾಲೇಜುಗಳಲ್ಲಿ ಹಳೆಯ ಕೆಟ್ಟ ಗ್ರೇಡುಗಳನ್ನು ಮನ್ನಾ ಮಾಡುವ ವ್ಯವಸ್ಥೆ ಇದೆ. ಟ್ರಾನ್ಸ್‌ಕ್ರಿಪ್ಟ್ ಚೆನ್ನಾಗಿ ಕಾಣುತ್ತದೆ ಅಷ್ಟೇ, ಸ್ಯಾಪ್‌ಗೆ ಆ ಮನ್ನಾ ನಡೆಯುವುದಿಲ್ಲ.

ಮೂರನೆಯದು ಗರಿಷ್ಠ ಮಿತಿ. ಡಿಗ್ರಿಗೆ ಬೇಕಾದ ಕ್ರೆಡಿಟ್‌ನ ಒಂದೂವರೆ ಪಟ್ಟಿನೊಳಗೆ ಮುಗಿಸಬೇಕು. 120 ಕ್ರೆಡಿಟ್‌ನ ಬ್ಯಾಚುಲರ್ಸ್‌ಗೆ 180, ಕಮ್ಯುನಿಟಿ ಕಾಲೇಜಿನ 60 ಕ್ರೆಡಿಟ್ ಡಿಗ್ರಿಗೆ 90. ಮೇಲಿನ 67 ಎಲ್ಲಿಂದ ಬಂತು ಅನ್ನೋದು ಇಲ್ಲೇ ಇದೆ: 180ಕ್ಕೆ 120 ಅಂದರೆ ಮೂರರಲ್ಲಿ ಎರಡು ಪಾಲು.

180 ಮುಟ್ಟುವವರೆಗೆ ನಿಶ್ಚಿಂತೆ ಅಂತಲೂ ಇಲ್ಲ. ಈಗಾಗಲೇ 150ಕ್ಕೆ ಹೆಸರು ಕೊಟ್ಟಿದ್ದೀರಿ, ಡಿಗ್ರಿಗೆ ಇನ್ನೂ 36 ಬೇಕು ಅನ್ನಿ. ಒಟ್ಟು 186. ಇನ್ನು ಈ ಜನ್ಮದಲ್ಲಿ 180ರೊಳಗೆ ಮುಗಿಯುವುದಿಲ್ಲ ಅಂತ ಲೆಕ್ಕ ಹೇಳಿದ ಕೂಡಲೇ ಏಡ್ ನಿಲ್ಲುತ್ತದೆ. ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಎರಡು ಮೂರು ಸಲ ಬದಲಿಸಿದವರು, ಬಯಾಲಜಿಯಿಂದ ಕಂಪ್ಯೂಟರ್ ಸೈನ್ಸಿಗೆ ಹಾರಿದವರು ಇದನ್ನು ಖಂಡಿತ ನೋಡಿಕೊಳ್ಳಬೇಕು. ಹೊಸ ಮೇಜರ್‌ಗೆ ಹೊಂದುವ ಕ್ರೆಡಿಟ್ ಮಾತ್ರ ಎಣಿಸುವ ಕಾಲೇಜುಗಳೂ ಇವೆ. ಕೇಳಿ ನೋಡಿ. ಬೇರೆ ಕಾಲೇಜಿನಿಂದ ತಂದು ಒಪ್ಪಿಸಿದ ಕ್ರೆಡಿಟ್ 'ಹೆಸರು ಕೊಟ್ಟದ್ದು', 'ಪಾಸಾದದ್ದು' ಎರಡಕ್ಕೂ ಸೇರುತ್ತದೆ. ಪೇಸ್‌ಗೆ ಒಳ್ಳೆಯದು, ಗರಿಷ್ಠ ಮಿತಿಗೆ ಭಾರ.

3. ಕೋರ್ಸ್ ಕೈಬಿಡುವ ಮುಂಚೆ ಕ್ಯಾಲೆಂಡರ್ ತೆಗೆಯಿರಿ

ಸೆಮಿಸ್ಟರಿನ ಮೊದಲ ಒಂದೆರಡು ವಾರ ಸೇರಿಸುವ-ಬಿಡುವ ಅವಧಿ. ಆಗ ಬಿಟ್ಟ ಕೋರ್ಸಿನ ಸುಳಿವೂ ಸಾಮಾನ್ಯವಾಗಿ ಉಳಿಯುವುದಿಲ್ಲ. ಆ ತಾರೀಖು ದಾಟಿತೋ, ಡಬ್ಲ್ಯು ಗ್ಯಾರಂಟಿ. ಆದ್ದರಿಂದ ಅನುಮಾನವಿರುವ ಕೋರ್ಸನ್ನು ಮೊದಲ ವಾರದಲ್ಲೇ ತೂಗಿ ನೋಡಿ. ಮೊದಲ ಮಿಡ್‌ಟರ್ಮ್ ಬರಲಿ ಅಂತ ಕಾದರೆ ಬಾಗಿಲು ಹಾಕಿರುತ್ತದೆ.

ಹಾಗಂತ ಡಬ್ಲ್ಯು ತೆಗೆದುಕೊಳ್ಳಲೇಬಾರದು ಅಂತಲ್ಲ. ಎಫ್ ಖಂಡಿತ ಅನ್ನಿಸಿದರೆ ಡಬ್ಲ್ಯು ವಾಸಿ, ಜಿಪಿಎ ಆದರೂ ಉಳಿಯುತ್ತದೆ. ಸಿ ಬರುವ ಹಾಗಿದ್ದರೆ ಮಾತ್ರ ನನ್ನ ಕೇಳಿದರೆ ಆ ಸಿ ತೆಗೆದುಕೊಳ್ಳಿ. ನಮ್ಮ ಮಕ್ಕಳಿಗೆ ಸಿ ಅಂದರೆ ಅವಮಾನ, ಡಬ್ಲ್ಯು ಅಂದರೆ ಏನೂ ಆಗಿಲ್ಲ ಅನ್ನೋ ಭಾವನೆ ಇದೆ. ಹಣದ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ.

ಎಲ್ಲ ಕೋರ್ಸುಗಳನ್ನೂ ಬಿಟ್ಟು ಮನೆಗೆ ಬರುವ ಯೋಚನೆ ಇದ್ದರೆ ಮೊದಲು ಏಡ್ ಆಫೀಸಿಗೆ ಹೋಗಿ, ಆಮೇಲೆ ರಿಜಿಸ್ಟ್ರಾರ್ ಹತ್ತಿರ. ಸೆಮಿಸ್ಟರಿನ ಶೇಕಡಾ 60 ಮುಗಿಯುವ ಮುಂಚೆ ಪೂರ್ತಿ ಬಿಟ್ಟರೆ, ಓದಿದ ದಿನಗಳಿಗೆ ತಕ್ಕಷ್ಟು ಹಣ ಮಾತ್ರ ನಿಮ್ಮದು. ಉಳಿದದ್ದು ಸರ್ಕಾರಕ್ಕೆ ವಾಪಸ್ ಹೋಗುತ್ತದೆ, ಕಾಲೇಜಿಗೆ ಆ ಬಾಕಿ ನೀವು ಕಟ್ಟಬೇಕಾಗಬಹುದು. 15 ವಾರದ ಸೆಮಿಸ್ಟರಿನಲ್ಲಿ ಆ ಗೆರೆ ಹೆಚ್ಚುಕಮ್ಮಿ ಒಂಬತ್ತನೇ ವಾರದ ಕೊನೆಗೆ ಬೀಳುತ್ತದೆ. ಯಾರಿಗೂ ಹೇಳದೆ ಕ್ಲಾಸಿಗೆ ಹೋಗುವುದನ್ನೇ ನಿಲ್ಲಿಸಿ ಎಲ್ಲದರಲ್ಲೂ ಎಫ್ ಬಂದರೆ, ಕೋರ್ಸ್ ಬಿಟ್ಟು ಹೋಗಿದ್ದಾರೆ ಎಂದೇ ಕಾಲೇಜು ಎಣಿಸಬಹುದು. ಆಗಲೂ ಇದೇ ಕಥೆ.

4. ಬಿದ್ದದ್ದನ್ನು ಬೇಸಿಗೆಯಲ್ಲಿ ಎತ್ತಬಹುದಾ ನೋಡಿ

ಮೇಲಿನ ಹುಡುಗಿಯ ಲೆಕ್ಕಕ್ಕೇ ಬರೋಣ. 30ಕ್ಕೆ 19. ಬೇಸಿಗೆಯಲ್ಲಿ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ 6 ಕ್ರೆಡಿಟ್ ಓದಿ ಪಾಸಾಗಿ, ಅದನ್ನು ತನ್ನ ಕಾಲೇಜು ಒಪ್ಪಿಕೊಂಡರೆ 36ಕ್ಕೆ 25. ಶೇಕಡಾ 69. ಪೇಸ್ ಸರಿಹೋಯಿತು. ಫೀಸೂ ಕಡಿಮೆ. ಆದರೆ ಎರಡು ಕೆಲಸ ಮರೆಯಬಾರದು. ಆ ಕೋರ್ಸ್ ಒಪ್ಪಿಕೊಳ್ಳುತ್ತೀರಾ ಅಂತ ಸೇರುವ ಮುಂಚೆಯೇ ಅಡ್ವೈಸರ್‌ನಿಂದ ಮೇಲ್‌ನಲ್ಲಿ ಬರೆಸಿಕೊಳ್ಳಬೇಕು. ಮುಗಿದ ಕೂಡಲೇ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಕಳಿಸಿ, ಮರುಲೆಕ್ಕ ಮಾಡಿ ಅಂತ ಏಡ್ ಆಫೀಸಿಗೆ ಹೇಳಬೇಕು.

ಬಿದ್ದಿರುವುದು ಜಿಪಿಎ ಆದರೆ ಈ ಉಪಾಯ ಸಾಮಾನ್ಯವಾಗಿ ನಡೆಯುವುದಿಲ್ಲ. ಹೊರಗಿನ ಕ್ರೆಡಿಟ್ ಬರುತ್ತದೆ, ಅದರ ಗ್ರೇಡ್ ಹೆಚ್ಚಿನ ಕಾಲೇಜುಗಳಲ್ಲಿ ಜಿಪಿಎಗೆ ಸೇರುವುದಿಲ್ಲ. ನಿಮ್ಮ ಕಾಲೇಜಿನಲ್ಲೇ ಓದಿ ಎತ್ತಬೇಕು. ಎಷ್ಟು ಬೇಕು? 30 ಕ್ರೆಡಿಟ್‌ಗೆ 1.7 ಇದ್ದರೆ 51 ಪಾಯಿಂಟ್. ಮುಂದಿನ 15 ಕ್ರೆಡಿಟ್ ಸೇರಿ 45ಕ್ಕೆ 2.0 ಅಂದರೆ 90 ಪಾಯಿಂಟ್ ಬೇಕು. ಅಂದರೆ ಆ ಸೆಮಿಸ್ಟರಿನಲ್ಲಿ 39 ಪಾಯಿಂಟ್, 2.6 ಸರಾಸರಿ. ಹೀಗೆ ಅಂಕಿ ಕೈಯಲ್ಲಿದ್ದರೆ ಅಪೀಲ್ ಬರೆಯುವಾಗಲೂ ಸಹಾಯವಾಗುತ್ತದೆ.

ಫೇಲಾದ ಕೋರ್ಸನ್ನು ಪಾಸಾಗುವವರೆಗೆ ಫೆಡರಲ್ ಏಡ್‌ನಲ್ಲಿ ಮತ್ತೆ ತೆಗೆದುಕೊಳ್ಳಬಹುದು, ಸ್ಯಾಪ್ ಸರಿ ಇದ್ದರೆ. ಪಾಸಾದದ್ದನ್ನು ಗ್ರೇಡ್ ಸುಧಾರಿಸಲು ಒಂದೇ ಸಲ.

5. ಬೇರೆ ಸ್ಕಾಲರ್‌ಶಿಪ್‌ಗಳ ಷರತ್ತು ಬೇರೆ

ಸ್ಯಾಪ್ ಪಾಸಾದರೆ ಎಲ್ಲ ಹಣವೂ ಬರುತ್ತದೆ ಅಂತಲ್ಲ. ರಾಜ್ಯಗಳ ಸ್ಕಾಲರ್‌ಶಿಪ್ ಇನ್ನೂ ಬಿಗಿ. ಜಾರ್ಜಿಯಾದ ಹೋಪ್‌ಗೆ 3.0 ಜಿಪಿಎ ಬೇಕು, 30, 60, 90 ಕ್ರೆಡಿಟ್ ಆದಾಗ ತಪಾಸಣೆ ಇದೆ. ಅಲ್ಲಿಯದೇ ಝೆಲ್ ಮಿಲ್ಲರ್‌ಗೆ 3.3. ಫ್ಲಾರಿಡಾದ ಬ್ರೈಟ್ ಫ್ಯೂಚರ್ಸ್‌ನ ಮೇಲಿನ ಹಂತಕ್ಕೆ 3.0, ಕೆಳಗಿನದಕ್ಕೆ 2.75. ಟೆಕ್ಸಾಸ್ ಗ್ರಾಂಟ್ 2.5 ಜಿಪಿಎ, ಶೇಕಡಾ 75 ಪಾಸು, ವರ್ಷಕ್ಕೆ 24 ಕ್ರೆಡಿಟ್ ಕೇಳುತ್ತದೆ. ಕಾಲೇಜೇ ಕೊಡುವ ಮೆರಿಟ್ ಸ್ಕಾಲರ್‌ಶಿಪ್‌ಗೆ ಅವಾರ್ಡ್ ಲೆಟರ್‌ನ ಸಣ್ಣ ಅಕ್ಷರ ಓದಿ. ಸಾಮಾನ್ಯವಾಗಿ ಪೂರ್ಣಾವಧಿ, ಅಂದರೆ 12 ಕ್ರೆಡಿಟ್, ಇರಲೇಬೇಕು ಅಂತಿರುತ್ತದೆ.

ಬೆಂಗಳೂರು, ಮೈಸೂರಿನಿಂದ ಎಫ್‌-1 ವೀಸಾದಲ್ಲಿ ಬಂದವರಿಗೆ ಸಂಬಂಧಿಸಿದ್ದು ಈ ಕೊನೆಯ ಮಾತೇ. ಅಸಿಸ್ಟೆಂಟ್‌ಶಿಪ್, ಫೀಸು ಮನ್ನಾ ಮಾಡುವ ಟ್ಯೂಷನ್ ವೇವರ್‌ಗೆ ಡಿಪಾರ್ಟ್‌ಮೆಂಟ್ ಹಾಕಿದ ಷರತ್ತು ನೋಡಿಕೊಳ್ಳಿ. ಒಂದು ಕೋರ್ಸ್ ಬಿಟ್ಟು ಪೂರ್ಣಾವಧಿಗಿಂತ ಕೆಳಗಿಳಿದರೆ ಹೋಗುವುದು ಬರೀ ಹಣ ಅಲ್ಲ, ವೀಸಾ ಸ್ಟೇಟಸ್ಸಿಗೇ ಕುತ್ತು ಬರುತ್ತದೆ. ಇಂಟರ್‌ನ್ಯಾಷನಲ್ ಆಫೀಸಿನ ಒಪ್ಪಿಗೆ ಮೊದಲು, ಡ್ರಾಪ್ ಆಮೇಲೆ. ಎಚ್‌-4 ಮಕ್ಕಳು ರಾಜ್ಯದ ಮತ್ತು ಕಾಲೇಜಿನ ಹಣಕ್ಕೆ ಅರ್ಹರಾ ಅನ್ನೋದು ಆಯಾ ರಾಜ್ಯ, ಕಾಲೇಜಿನ ಮೇಲೆ ಹೋಗುತ್ತದೆ.

6. ಅಪ್ಪ-ಅಮ್ಮ ಕೇಳಬೇಕಾದ ಪ್ರಶ್ನೆ

ಸ್ಯಾಪ್ ಮೇಲ್ ಹೋಗುವುದು ಮಗುವಿನ ಕಾಲೇಜ್ ಮೇಲ್‌ಗೆ. ನಿಮಗಲ್ಲ. ಕಾಲೇಜು ಸೇರಿದ ಮೇಲೆ ದಾಖಲೆಯ ಹಕ್ಕು ವಿದ್ಯಾರ್ಥಿಯದು, ಫೆರ್ಪಾ ಅನ್ನೋ ಕಾನೂನು ಹಾಗೆ ಹೇಳುತ್ತದೆ. ಫೀಸು ಕಟ್ಟುವವರು ನೀವೇ ಆಗಿದ್ದರೂ, ಮಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕದಿದ್ದರೆ ಫೋನಿನಲ್ಲಿ ಸಾಮಾನ್ಯವಾಗಿ ಏನೂ ಹೇಳುವುದಿಲ್ಲ. ಮೊದಲ ಸೆಮಿಸ್ಟರಿನಲ್ಲೇ, ಜಗಳವಿಲ್ಲದ ಹೊತ್ತಿನಲ್ಲಿ, ಆ ಫಾರ್ಮ್ ತುಂಬಿಸಿಕೊಳ್ಳಿ.

ಮತ್ತೆ, "ಜಿಪಿಎ ಎಷ್ಟು ಬಂತಪ್ಪಾ" ಅನ್ನೋ ಒಂದೇ ಪ್ರಶ್ನೆ ಸಾಲದು. "ಎಷ್ಟು ಕ್ರೆಡಿಟ್‌ಗೆ ಹೆಸರು ಕೊಟ್ಟಿದ್ದೆ, ಎಷ್ಟು ಮುಗಿಸಿದೆ" ಅಂತ ಕೇಳಿ. ಮೊದಲ ಪ್ರಶ್ನೆಗೆ ನಿಜವನ್ನೇ ಹೇಳಿ ಎರಡನೆಯದನ್ನು ಮುಚ್ಚಿಡುವುದು ಸುಲಭ.

7. ಹಣ ನಿಂತರೆ: ಅಪೀಲ್

ಮೊದಲು ಪತ್ರದಲ್ಲಿ ಯಾವ ಲೆಕ್ಕ ತಪ್ಪಿದೆ ನೋಡಿ. ಕಾಲೇಜೇ ತಪ್ಪು ಎಣಿಸಿರಬಹುದು. ಬದಲಾದ ಗ್ರೇಡ್, ಟ್ರಾನ್ಸ್‌ಫರ್ ಆದ ಕ್ರೆಡಿಟ್ ಸೇರದೆ ಇರಬಹುದು. ಅದು ಅಪೀಲ್ ಅಲ್ಲ, ತಿದ್ದುಪಡಿ. ಒಂದು ಮೇಲ್ ಸಾಕು.

ಲೆಕ್ಕ ಸರಿ ಇದ್ದರೆ ಅಪೀಲ್ ಹಾಕಬೇಕು. ಹೆಚ್ಚಿನ ಕಾಲೇಜುಗಳಲ್ಲಿ ಈ ಅವಕಾಶ ಇದೆ. ಮನೆಯವರ ಸಾವು, ನಿಮಗೆ ಕಾಯಿಲೆ ಅಥವಾ ಏಟು, ಇಲ್ಲವೇ ಬೇರೆ ವಿಶೇಷ ಪರಿಸ್ಥಿತಿ, ಇವು ಒಪ್ಪುವ ಕಾರಣಗಳು. ಕಾಲೇಜು ಬಯಸುವುದು ಎರಡಕ್ಕೆ ಉತ್ತರ: ಏನಾಯಿತು? ಈಗ ಏನು ಬದಲಾಗಿದೆ?

ಎರಡನೆಯದಕ್ಕೆ ಉತ್ತರ ಇಲ್ಲದ್ದಕ್ಕೇ ಬಹಳ ಪತ್ರಗಳು ಬೀಳುತ್ತವೆ. ನಮ್ಮವರು ಬರೆಯುವ ಪತ್ರ ಅರ್ಜಿಯ ಧಾಟಿಯಲ್ಲಿರುತ್ತದೆ. "ನಾನು ಕಷ್ಟಪಟ್ಟು ಓದುವವನು, ಮನೆಯಲ್ಲಿ ತೊಂದರೆ ಇದೆ, ದಯವಿಟ್ಟು ಇನ್ನೊಂದು ಅವಕಾಶ ಕೊಡಿ." ಇದರಲ್ಲಿ ತಾರೀಖಿಲ್ಲ, ದಾಖಲೆ ಇಲ್ಲ, ಮುಂದೇನು ಅನ್ನೋದೂ ಇಲ್ಲ. ಹಣದ ಅಗತ್ಯವನ್ನು ಮತ್ತೆ ಹೇಳುವುದರಿಂದಲೂ ಉಪಯೋಗವಿಲ್ಲ, ಅದು ಫಾಫ್ಸಾದಲ್ಲೇ ಇದೆ. ಬದಲಿಗೆ ಹೀಗೆ ಬರೆಯಿರಿ:

"ಅಕ್ಟೋಬರ್ 6ರಂದು ಹಾಸನದಲ್ಲಿ ನನ್ನ ಅಜ್ಜ ತೀರಿಕೊಂಡರು. 8ರಿಂದ 27ರವರೆಗೆ ನಾನು ಭಾರತದಲ್ಲಿದ್ದೆ. ಎರಡು ಮಿಡ್‌ಟರ್ಮ್ ತಪ್ಪಿದವು. ಕ್ಯಾಲ್ಕುಲಸ್ ಫೇಲಾಯಿತು, ಕೆಮಿಸ್ಟ್ರಿ ಬಿಟ್ಟೆ. ಈಗ ಪ್ರಯಾಣವಿಲ್ಲ. ಮುಂದಿನ ಸೆಮಿಸ್ಟರ್ 12 ಕ್ರೆಡಿಟ್ ಮಾತ್ರ ತೆಗೆದುಕೊಳ್ಳುತ್ತೇನೆ. ಕ್ಯಾಲ್ಕುಲಸ್‌ಗೆ ವಾರಕ್ಕೆ ಎರಡು ದಿನ ಟ್ಯೂಟರಿಂಗ್ ಸೆಂಟರಿಗೆ ಹೆಸರು ಕೊಟ್ಟಿದ್ದೇನೆ. ಎಲ್ಲವೂ ಪಾಸಾದರೆ ನನ್ನ ಪೇಸ್ ಶೇಕಡಾ 67 ದಾಟುತ್ತದೆ."

ಇದರ ಜೊತೆ ಮರಣ ಪ್ರಮಾಣಪತ್ರ, ವಿಮಾನದ ಟಿಕೆಟ್, ಟ್ಯೂಟರಿಂಗ್ ನೋಂದಣಿ. ಪ್ರಮಾಣಪತ್ರದಲ್ಲಿ ಕನ್ನಡ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದ ಲಗತ್ತಿಸಿ. ಅಜ್ಜ-ಅಜ್ಜಿಯ ಸಾವನ್ನು ಇಲ್ಲಿ ಯಾರು ಲೆಕ್ಕಕ್ಕೆ ಇಡುತ್ತಾರೆ ಅಂತ ಸುಮ್ನೆ ಕೂರಬೇಡಿ, ನಿಯಮದಲ್ಲಿರುವುದು 'ಸಂಬಂಧಿಕರು' ಅಂತಲೇ.

ಮನಸ್ಸಿಗೆ ಹುಷಾರಿಲ್ಲದೆ ಸೆಮಿಸ್ಟರ್ ಕೆಟ್ಟಿದ್ದರೆ ಅದನ್ನೂ ಬರೆಯಿರಿ. ಎಷ್ಟೋ ಮಕ್ಕಳು ಅದನ್ನು ಬಿಟ್ಟು ಹೊಟ್ಟೆನೋವು ಅಂತ ಬರೆದು ದಾಖಲೆ ಇಲ್ಲದೆ ಒದ್ದಾಡುತ್ತಾರೆ. ಕ್ಯಾಂಪಸ್ಸಿನ ಕೌನ್ಸೆಲಿಂಗ್ ಸೆಂಟರಿನಿಂದ ಪತ್ರ ಕೇಳಿ. ಯಾವ ಅವಧಿಯಲ್ಲಿ ಬರುತ್ತಿದ್ದರು, ಈಗ ಓದಲು ತಯಾರಿದ್ದಾರೆ ಅಂತ ಅದರಲ್ಲಿದ್ದರೆ ಹೆಚ್ಚಾಗಿ ಸಾಕು. ಕಾಯಿಲೆಯ ಪೂರ್ತಿ ವಿವರ ಬೇಕಾಗುವುದಿಲ್ಲ.

ಫೀಸು ಕಟ್ಟುವ ಕೊನೆಯ ದಿನಕ್ಕಿಂತ ಸಾಕಷ್ಟು ಮುಂಚೆ ಕಳಿಸಿ. ಉತ್ತರ ಬರುವುದಕ್ಕೆ ವಾರಗಳೇ ಹಿಡಿಯಬಹುದು. ಅಷ್ಟರೊಳಗೆ ಕ್ಲಾಸ್ ಸೀಟು ಹೋಗದ ಹಾಗೆ ಕಂತಿನಲ್ಲಿ ಕಟ್ಟುವ ಪ್ಲಾನ್ ಇದೆಯಾ ಕೇಳಿ.

ಒಪ್ಪಿದರೆ ಒಂದು ಸೆಮಿಸ್ಟರ್ ಏಡ್ ಆಫೀಸಿನ ಪ್ರೊಬೇಷನ್, ಹಣ ಬರುತ್ತದೆ. ಒಂದೇ ಸೆಮಿಸ್ಟರಿನಲ್ಲಿ 67 ಅಥವಾ 2.0 ಮುಟ್ಟುವುದು ಅಸಾಧ್ಯ ಅನ್ನಿಸಿದರೆ ಅಡ್ವೈಸರ್ ಜೊತೆ ಕೂತು 'ಅಕಡೆಮಿಕ್ ಪ್ಲಾನ್' ಮಾಡಿಸಿಕೊಳ್ಳಿ. ಆ ಪ್ಲಾನ್ ಪ್ರಕಾರ ನಡೆಯುವವರೆಗೆ ಏಡ್ ಮುಂದುವರಿಯುತ್ತದೆ. ಅದರಲ್ಲಿ ಒಪ್ಪಿದ ಕೋರ್ಸನ್ನು ಕೇಳದೆ ಬದಲಿಸಬೇಡಿ.

ಒಪ್ಪದಿದ್ದರೆ ಕೇಂದ್ರ ಸರ್ಕಾರಕ್ಕೆ ಬರೆದು ಪ್ರಯೋಜನವಿಲ್ಲ, ತೀರ್ಮಾನ ಕಾಲೇಜಿನದೇ. ಒಂದು ಸೆಮಿಸ್ಟರ್ ಮನೆಯಲ್ಲಿ ಕೂತು ಬಂದರೆ ಸರಿಹೋಗುತ್ತದೆ ಅನ್ನುವುದೂ ತಪ್ಪು. ಕೂತರೆ ಅಂಕಿ ಅಲುಗಾಡುವುದಿಲ್ಲ. ಬೇರೆ ಕಾಲೇಜಿಗೆ ಹೋದರೆ ಅವರು ತಾವು ಒಪ್ಪಿದ ಕ್ರೆಡಿಟ್ ಇಟ್ಟುಕೊಂಡು ತಮ್ಮ ಪಾಲಿಸಿಯಂತೆ ಹೊಸದಾಗಿ ನೋಡುತ್ತಾರೆ, ಹಾಗಾಗಿ ಅದೂ ಒಂದು ದಾರಿ. ಪ್ರೈವೇಟ್ ಲೋನ್ ಕೊಡುವವರಲ್ಲಿ ಕೆಲವರು ಸ್ಯಾಪ್ ಕೇಳುವುದಿಲ್ಲ, ಆದರೆ ಬಡ್ಡಿ ಮತ್ತು ಕೋ-ಸೈನರ್ ಷರತ್ತು ಓದಿ ಸಹಿ ಹಾಕಿ. ಇಲ್ಲವೇ ಕೈಯಿಂದ ಕಟ್ಟಿ ಒಂದು ಸೆಮಿಸ್ಟರ್ ಓದಿ ಅಂಕಿ ಮೇಲೆತ್ತಬೇಕು. ಹಾಗೆ ಮಾಡಿದರೆ, ಗ್ರೇಡ್ ಬಂದ ಕೂಡಲೇ ಸ್ಯಾಪ್ ಮತ್ತೆ ನೋಡಿ ಅಂತ ನೀವೇ ಮೇಲ್ ಹಾಕಿ. ಕೆಲವು ಆಫೀಸುಗಳಲ್ಲಿ ಕೇಳಿದವರ ಫೈಲ್ ಮಾತ್ರ ತೆಗೆಯುತ್ತಾರೆ.